ಕರ್ತವ್ಯ ಮುಗಿಸಿ ಮನೆಗೆ ಬಂದ ಸೈನಿಕರು ಮತ್ತು ಅವರ ಮನೆಯವರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಜಿ ಸೈನಿಕರು, ಅವರ ಸಂಗಾತಿಗಳು, ಅಪ್ಪ-ಅಮ್ಮಂದಿರು, ಈ ಕೆಲಸಕ್ಕೆ ಹೊಸದಾಗಿ ಬಂದ ಸೋಷಿಯಲ್ ವರ್ಕರ್‌ಗಳು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸೌಲಭ್ಯಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ. ಮನೆಯೊಳಗಿನ ಕಷ್ಟಗಳು ಮಾತ್ರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ.

## ಮೊದಲು ಕೇಳುವವು

ಯುದ್ಧಭೂಮಿಯಿಂದ ಬಂದವರಿಗೆಲ್ಲ ಪಿಟಿಎಸ್‌ಡಿ ಆಗಿಯೇ ಆಗುತ್ತಾ?

ಇಲ್ಲ. ಹೆಚ್ಚಿನವರಿಗೆ ಆಗುವುದಿಲ್ಲ. ಪಿಟಿಎಸ್‌ಡಿ ಅಂದರೆ ಭಯಾನಕ ಘಟನೆಯ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವ ಕಾಯಿಲೆ. ಇರಾಕ್ ಮತ್ತು ಅಫ್ಘಾನಿಸ್ತಾನಕ್ಕೆ ಹೋಗಿ ಬಂದ ಬ್ರಿಟಿಷ್ ಸೈನಿಕರ ಬಗ್ಗೆ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಲಕ್ಷಣಗಳು ಕಂಡದ್ದು ಶೇಕಡಾ 4ರಷ್ಟು ಜನರಲ್ಲಿ. ಅದೇ ಯುದ್ಧಗಳಿಂದ ಮರಳಿದ ಅಮೆರಿಕದವರಲ್ಲಿ ಅಂದಾಜು ಶೇಕಡಾ 11ರಿಂದ 20. ನೇರ ಕಾದಾಟದಲ್ಲಿ ಇದ್ದವರಿಗೆ ಅಪಾಯ ಜಾಸ್ತಿ.

ಹಾಗಂತ ಉಳಿದವರೆಲ್ಲ ಆರಾಮಾಗಿದ್ದಾರೆ ಅಂತಲ್ಲ. ನಿದ್ದೆ ಬಾರದಿರುವುದು, ಸಣ್ಣದಕ್ಕೂ ರೇಗುವುದು, ಕುಡಿತ, ಕೆಲಸದಲ್ಲಿ ನಿಲ್ಲಲಾಗದಿರುವುದು, ಮನೆಯಲ್ಲೇ ಅತಿಥಿಯ ಹಾಗೆ ಅನ್ನಿಸುವುದು. ಇವುಗಳಿಗೆ ಕಾಯಿಲೆಯ ಹೆಸರು ಇಲ್ಲದಿರಬಹುದು, ಆದರೆ ಸಂಸಾರ ಒಡೆಯುವುದಕ್ಕೆ ಇಷ್ಟು ಸಾಕು. ಸೋಷಿಯಲ್ ವರ್ಕರ್ ಬಳಿಗೆ ಬರುವ ಬಹುಪಾಲು ಜನ ಇಂಥವರೇ.

ಸೋಷಿಯಲ್ ವರ್ಕರ್ ಅಂದರೆ ಏನು ಮಾಡ್ತಾರೆ? ಡಾಕ್ಟರ್ ಹತ್ತಿರ ಹೋದರೆ ಸಾಕಲ್ವಾ?

ಡಾಕ್ಟರ್ ರೋಗ ಗುರುತಿಸಿ ಔಷಧ ಕೊಡುತ್ತಾರೆ. ಸೋಷಿಯಲ್ ವರ್ಕರ್ ನೋಡುವುದು ಆ ಮನುಷ್ಯ ಮತ್ತು ಅವನ ಸುತ್ತಲಿನ ಬದುಕು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು. ಪಿಂಚಣಿ ಅರ್ಜಿ ಯಾಕೆ ನಿಂತಿದೆ? ಬಾಡಿಗೆ ಕಟ್ಟಲಾಗುತ್ತಿದೆಯಾ? ಹೆಂಡತಿ ರಾತ್ರಿ ಎಲ್ಲಿ ಮಲಗುತ್ತಾಳೆ, ಯಾಕೆ? ಮನೆಯಲ್ಲಿ ಬಂದೂಕು ಇದೆಯಾ? ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ತರಬೇತಿ ಪಡೆದವರು ಕೌನ್ಸೆಲಿಂಗ್ ಕೂಡ ಮಾಡುತ್ತಾರೆ.

ಇದು ಹೊಸ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದಿಂದ ಮಾನಸಿಕವಾಗಿ ಬಳಲಿ ಬಂದವರಿಗಾಗಿ 1919ರಲ್ಲೇ ಒಂದು ಸಂಸ್ಥೆ ಹುಟ್ಟಿತು. ಅದು ಈಗ ಕಾಂಬ್ಯಾಟ್ ಸ್ಟ್ರೆಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ 1926ರಲ್ಲಿ 36 ಸೋಷಿಯಲ್ ವರ್ಕರ್‌ಗಳೊಂದಿಗೆ ಈ ವಿಭಾಗ ಶುರು ಮಾಡಿತು. ಆಸ್ಪತ್ರೆಯಿಂದ ಬಿಡುಗಡೆ ಆದವನು ಮನೆಯಲ್ಲಿ ನೆಲೆಯೂರದಿದ್ದರೆ ಮತ್ತೆ ಆಸ್ಪತ್ರೆಗೇ ಬರುತ್ತಾನೆ. ಇದು ಆಗಲೇ ಗೊತ್ತಾಗಿತ್ತು.

ಅವರು ಬಂದು ಎರಡು ತಿಂಗಳಾಯಿತು, ಇನ್ನೂ ಸರಿಹೋಗಿಲ್ಲ. ಎಷ್ಟು ದಿನ ಕಾಯಬೇಕು?

ಮೊದಲ ಕೆಲವು ವಾರ ಬೆಚ್ಚಿಬೀಳುವುದು, ಗುಂಪಿಗೆ ಹೋಗದಿರುವುದು, ಬಾಗಿಲು ಹಾಕಿದೆಯಾ ಅಂತ ಮತ್ತೆ ಮತ್ತೆ ನೋಡುವುದು ಸಾಮಾನ್ಯ. ಅಲ್ಲಿ ಜೀವ ಉಳಿಸಿದ ಅಭ್ಯಾಸಗಳಿವು. ವಿಮಾನ ಇಳಿದ ಕೂಡಲೇ ಹೋಗುವುದಿಲ್ಲ. ರಸ್ತೆಯ ನಟ್ಟನಡುವೆ ಗಾಡಿ ಓಡಿಸುವುದು ಕೂಡ ಅಂಥದ್ದೇ. ಅಂಚಿನಲ್ಲಿ ಬಾಂಬ್ ಹೂತಿಡುತ್ತಿದ್ದ ರಸ್ತೆಗಳಲ್ಲಿ ಕಲಿತದ್ದು ಅದು.

ದಿನ ಎಣಿಸುವುದಕ್ಕಿಂತ ದಿಕ್ಕು ನೋಡಿ. ವಾರದಿಂದ ವಾರಕ್ಕೆ ಸ್ವಲ್ಪವಾದರೂ ಸಡಿಲವಾಗುತ್ತಿದ್ದರೆ ಕಾಯಬಹುದು. ಒಂದು ತಿಂಗಳು ದಾಟಿದರೂ ಹಾಗೇ ಇದ್ದರೆ, ಅಥವಾ ಜಾಸ್ತಿ ಆಗುತ್ತಿದ್ದರೆ, ತೋರಿಸಿ. ಪಿಟಿಎಸ್‌ಡಿ ಎಂದು ಹೇಳಲು ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಇರಬೇಕು. ಆರು ತಿಂಗಳು, ವರ್ಷ ಕಳೆದ ಮೇಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವುದೂ ಉಂಟು. ಹೊಡೆತ, ಬೆದರಿಕೆ, ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ನನಗೇನೂ ಆಗಿಲ್ಲ. ಹೆಂಡತಿ ಕಾಟಕ್ಕೆ ಬಂದಿದ್ದೇನೆ. ಈಗ ಏನು ಹೇಳಬೇಕು?

ಇಷ್ಟನ್ನೇ ಹೇಳಿ. ಇದು ಒಳ್ಳೆಯ ಆರಂಭ. ಅನುಭವ ಇರುವ ಸೋಷಿಯಲ್ ವರ್ಕರ್ ಮೊದಲ ದಿನವೇ ಯುದ್ಧದ ಕತೆ ಕೇಳುವುದಿಲ್ಲ. ನಿದ್ದೆ ಹೇಗಿದೆ, ಮೈ ಕೈ ಎಲ್ಲಿ ನೋವು, ಯಾವ ಅರ್ಜಿ ಬಾಕಿ ಇದೆ ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಇದೇ ಸರಿಯಾದ ಕ್ರಮ. ಬಾಕಿ ಇದ್ದ ಒಂದು ಕಾಗದ ಮುಂದಕ್ಕೆ ಹೋದರೆ ಹುಟ್ಟುವ ನಂಬಿಕೆ ಹತ್ತು ಸಮಾಧಾನದ ಮಾತಿನಿಂದ ಹುಟ್ಟುವುದಿಲ್ಲ.

## ಮನೆಯೊಳಗೆ

ಅವರಿಲ್ಲದಾಗ ಎಲ್ಲ ನಾನೇ ನೋಡಿಕೊಂಡೆ. ಈಗ ಬಂದು ಎಲ್ಲದರಲ್ಲೂ ತಪ್ಪು ಹುಡುಕ್ತಾರೆ. ನಾನು ಏನು ಮಾಡಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮನೆಯಿಂದ ಒಬ್ಬರು ಹೋದಾಗ ಆ ಜಾಗ ಖಾಲಿ ಇರುವುದಿಲ್ಲ. ಉಳಿದವರು ಅದನ್ನು ತುಂಬುತ್ತಾರೆ. ಬ್ಯಾಂಕಿನ ವ್ಯವಹಾರ, ಮಕ್ಕಳ ಶಾಲೆ, ಅತ್ತೆಯ ಔಷಧ ಎಲ್ಲ ಹೊಸ ದಾರಿ ಹಿಡಿದಿರುತ್ತದೆ. ಬಂದವರಿಗೆ ತಾವು ಬಿಟ್ಟುಹೋದ ಮನೆ ಬೇಕು. ಆ ಮನೆ ಈಗ ಇಲ್ಲ.

ಪಾಲೀನ್ ಬಾಸ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಹೆಂಡತಿಯರ ಜೊತೆ ಕೆಲಸ ಮಾಡಿದ್ದರು. ಗಂಡ ಇದ್ದಾನೋ ಇಲ್ಲವೋ ತಿಳಿಯದ ಆ ಸ್ಥಿತಿಯಲ್ಲಿ, ಮನೆಯ ಲೆಕ್ಕದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದೇ ಗೊಂದಲವಾಗುತ್ತದೆ ಎಂದು ಅವರು ತೋರಿಸಿದರು. ದೇಹ ದೂರ, ಮನಸ್ಸು ಮನೆಯಲ್ಲಿ. ಅಥವಾ ದೇಹ ಮನೆಯಲ್ಲಿ, ಮನಸ್ಸು ದೂರ. ಮರಳಿ ಬಂದ ಮೇಲೆ ಕಾಡುವುದು ಈ ಎರಡನೆಯದು.

ಹೀಗೆ ಮಾಡಿ ನೋಡಿ. ಮನೆಯ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಈಗ ಯಾರು ಮಾಡುತ್ತಿದ್ದಾರೆ, ಯಾವುದನ್ನು ಬಿಟ್ಟುಕೊಡಲು ಮನಸ್ಸಿದೆ, ಯಾವುದನ್ನು ಬಿಡಲಾರೆ, ಇಬ್ಬರೂ ಗುರುತು ಮಾಡಿ. ಬಂದವರಿಗೆ ಒಂದೆರಡು ಕೆಲಸ ಪೂರ್ತಿಯಾಗಿ ಬಿಟ್ಟುಕೊಡಿ. ಅವರು ಬೇರೆ ಥರ ಮಾಡಿದರೆ ಮಧ್ಯೆ ಕೈ ಹಾಕಬೇಡಿ. ಹಣದ ವಿಷಯ ಕೊನೆಗಿರಲಿ, ಅಲ್ಲೇ ಜಗಳ ಜಾಸ್ತಿ. ತಪ್ಪು ಹುಡುಕುವುದು ಕೆಲವು ಸಲ ಅಹಂಕಾರವಲ್ಲ, ಗಾಬರಿ. ಅಲ್ಲಿ ಒಂದು ವಸ್ತು ಜಾಗ ತಪ್ಪಿದರೆ ಜೀವ ಹೋಗುತ್ತಿತ್ತು. ಆದರೆ ನೀವು ಮಾತಾಡಲು ಹೆದರುವ ಮಟ್ಟಕ್ಕೆ ಬಂದಿದ್ದರೆ ಅದು ಬೇರೆ ವಿಷಯ. ಆಗ ಸೋಷಿಯಲ್ ವರ್ಕರ್ ಅನ್ನು ಒಬ್ಬರೇ ಭೇಟಿ ಮಾಡಿ. ಹಿಂಸೆ ಇರುವ ಮನೆಯಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುವುದರಿಂದ ಅಪಾಯ ಹೆಚ್ಚಬಹುದು. ಯುದ್ಧ ನೋಡಿ ಬಂದಿದ್ದಾರೆ ಎಂಬುದು ಕೈ ಎತ್ತುವುದಕ್ಕೆ ಕಾರಣವಾಗಬಾರದು.

ಮಗು ಅಪ್ಪನ ಹತ್ತಿರ ಹೋಗುವುದೇ ಇಲ್ಲ. ಅವರಿಗೆ ತುಂಬಾ ಬೇಜಾರು.

ಮೂರು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಬದುಕಿನ ಮೂರನೇ ಒಂದು ಭಾಗ. ಅಪ್ಪ ಅದರ ಪಾಲಿಗೆ ಫೋನಿನಲ್ಲಿ ಕಾಣುವ ಮುಖ. ಎತ್ತಿಕೊಳ್ಳಲು ಆತುರ ಬೇಡ. ನೆಲದ ಮೇಲೆ ಪಕ್ಕದಲ್ಲಿ ಕೂತು, ಅದು ಆಡುವುದನ್ನು ನೋಡುತ್ತಿರಲಿ. ದಿನಕ್ಕೊಂದು ಚಿಕ್ಕ ಕೆಲಸ ಅಪ್ಪನದ್ದೇ ಆಗಿರಲಿ, ಸ್ನಾನವೋ ಮಲಗುವಾಗಿನ ಕತೆಯೋ. ದೊಡ್ಡ ಮಕ್ಕಳು ಸಿಟ್ಟು ತೋರಿಸುತ್ತಾರೆ, ಅಥವಾ ಅತಿಯಾಗಿ ಒಳ್ಳೆಯವರಾಗಿಬಿಡುತ್ತಾರೆ. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಅಪ್ಪ ರೇಗಿದ್ದಕ್ಕೆ ತಾನೇ ಕಾರಣ ಎಂದು ಅಂಥ ಮಕ್ಕಳು ನಂಬಿರುತ್ತಾರೆ. ಹಾಗಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ಅಲ್ಲಿ ಏನಾಯಿತು ಅಂತ ಕೇಳಬಹುದಾ?

ಒಂದು ಸಲ ಹೇಳಿ ಬಿಡಿ: ಯಾವಾಗ ಹೇಳಬೇಕು ಅನ್ನಿಸಿದರೂ ಕೇಳುತ್ತೇನೆ. ಆಮೇಲೆ ಕೆದಕಬೇಡಿ. ಎಷ್ಟು ಜನರನ್ನು ಕೊಂದೆ ಎಂದು ಯಾರೂ ಎಂದಿಗೂ ಕೇಳಬಾರದು. ನೆಂಟರಿಗೂ ಮೊದಲೇ ಹೇಳಿಟ್ಟಿರಿ.

ಕರೆದರೂ ಓಗೊಡಲ್ಲ. ಹೇಳಿದ್ದು ಮರೆತುಹೋಗುತ್ತೆ. ಬೇಕಂತಲೇ ಮಾಡ್ತಾರಾ?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ. ಗುಂಡು, ಫಿರಂಗಿ, ಇಂಜಿನ್ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಕಿವಿಯಲ್ಲಿ ಗುಂಯ್ ಎನ್ನುವುದು, ಕೇಳಿಸದಿರುವುದು ತೀರಾ ಸಾಮಾನ್ಯ. ಅಮೆರಿಕದ ಮಾಜಿ ಸೈನಿಕರಲ್ಲಿ ಪರಿಹಾರ ಸಿಗುವ ತೊಂದರೆಗಳ ಪಟ್ಟಿಯಲ್ಲಿ ಕಿವಿಯ ಮೊರೆತವೇ ಮೊದಲು. ಕೇಳಿಸದವನು ಗುಂಪಿನಲ್ಲಿ ಸುಮ್ಮನಾಗುತ್ತಾನೆ. ಜನ ಅವನನ್ನು ಮನಸ್ಸಿಗೆ ಪೆಟ್ಟು ಬಿದ್ದವನು ಎನ್ನುತ್ತಾರೆ.

ಇನ್ನೊಂದು, ಸ್ಫೋಟದ ಹತ್ತಿರ ಇದ್ದಿರಾ ಎಂದು ಕೇಳಬೇಕು. ತಲೆಗೆ ಗಾಯ ಕಾಣದಿದ್ದರೂ ಅಲೆಯ ಹೊಡೆತಕ್ಕೆ ಮೆದುಳಿಗೆ ಪೆಟ್ಟು ಬಿದ್ದಿರಬಹುದು. ತಲೆನೋವು, ಮರೆವು, ಸಿಟ್ಟು, ನಿದ್ದೆಗೇಡು ಇದರಲ್ಲೂ ಇರುತ್ತವೆ, ಪಿಟಿಎಸ್‌ಡಿಯಲ್ಲೂ ಇರುತ್ತವೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಹಾಗಾಗಿ ಮೊದಲ ಭೇಟಿಗೆ ಹೋಗುವಾಗ ಯಾವ ಸ್ಫೋಟ, ಎಷ್ಟು ದೂರ, ಪ್ರಜ್ಞೆ ತಪ್ಪಿತ್ತಾ ಎಂಬುದನ್ನು ಬರೆದುಕೊಂಡು ಹೋಗಿ.

ನಾನೇ ಸೇನೆಯಲ್ಲಿದ್ದವಳು. ಎಲ್ಲಿ ಹೋದರೂ ನನ್ನ ಗಂಡನ ಬಗ್ಗೆ ಕೇಳ್ತಾರೆ.

ಕೌಂಟರಿನಲ್ಲಿ ಇರುವವರು ಮಾಡುವ ಈ ಒಂದು ತಪ್ಪಿನಿಂದ ಎಷ್ಟೋ ಮಹಿಳೆಯರು ಎರಡನೇ ಸಲ ಬರುವುದೇ ಇಲ್ಲ. ಬಂದವರು ಯಾರೇ ಆಗಲಿ, ಸೇವೆಯಲ್ಲಿ ಇದ್ದದ್ದು ನೀವಾ ಎಂದು ಮೊದಲು ಕೇಳಬೇಕು. ಶತ್ರುವಿನಿಂದ ಅಲ್ಲ, ಜೊತೆಯಲ್ಲಿದ್ದವರಿಂದಲೇ ಲೈಂಗಿಕ ದೌರ್ಜನ್ಯ ಆಗಿರುವುದೂ ಉಂಟು. ಗಂಡಸರಿಗೂ ಆಗುತ್ತದೆ, ಅವರು ಇನ್ನೂ ಕಡಿಮೆ ಹೇಳುತ್ತಾರೆ. ಇಂಥವರನ್ನು ಮಾಜಿ ಸೈನಿಕರ ಗುಂಪು ಚರ್ಚೆಗೆ ಕಳಿಸುವ ಮೊದಲು ಆ ಗುಂಪಿನಲ್ಲಿ ಯಾರಿದ್ದಾರೆ ಎಂದು ತಿಳಿಸಿ, ಅವರ ಒಪ್ಪಿಗೆ ಕೇಳಬೇಕು. ಸಮವಸ್ತ್ರದವರ ನಡುವೆ ಇರುವುದು ಎಲ್ಲರಿಗೂ ನೆಮ್ಮದಿ ಅಲ್ಲ.

## ಕೆಲಸ, ಸೂರು, ಕುಡಿತ

ಅಲ್ಲಿ ನೂರು ಜನರನ್ನು ನಡೆಸಿದೆ. ಇಲ್ಲಿ ಸಂದರ್ಶನದಲ್ಲಿ ಅನುಭವ ಇಲ್ಲ ಅಂತಾರೆ. ಏನು ಮಾಡಲಿ?

ರ‍್ಯಾಂಕಿನ ಹೆಸರು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಮಾಡಿದ ಕೆಲಸವನ್ನು ಬಿಡಿಸಿ ಬರೆಯಬೇಕು. ಎಷ್ಟು ಜನ ಕೈಕೆಳಗಿದ್ದರು, ಎಷ್ಟು ವಾಹನಗಳ ಜವಾಬ್ದಾರಿ, ಸಾಮಾನು ಎಲ್ಲಿಂದ ಎಲ್ಲಿಗೆ, ಯಾವ ಯಂತ್ರ ರಿಪೇರಿ ಮಾಡಿದಿರಿ. ಸೇನೆಯ ತರಬೇತಿಗೆ ಹೊರಗೆ ಸಮಾನ ಸರ್ಟಿಫಿಕೇಟ್ ಇದೆಯಾ ಎಂದು ವಿಚಾರಿಸುವುದು ಸೋಷಿಯಲ್ ವರ್ಕರ್‌ನ ಕೆಲಸಗಳಲ್ಲಿ ಒಂದು.

ಇನ್ನು ಯಾರೂ ಹೇಳದ ಭಾಗ. ಕೆಲಸ ಸಿಕ್ಕಿದ ಮೇಲೆ ಮೊದಲ ವರ್ಷ ಕಷ್ಟ. ಸಹೋದ್ಯೋಗಿ ತಡವಾಗಿ ಬಂದರೂ ಯಾರೂ ಕೇಳುವುದಿಲ್ಲ. ಸಣ್ಣ ವಿಷಯಕ್ಕೆ ದೊಡ್ಡ ಮೀಟಿಂಗ್ ನಡೆಯುತ್ತದೆ. ಇದಕ್ಕೆಲ್ಲ ಅರ್ಥವೇ ಇಲ್ಲ ಅನ್ನಿಸಿ ಬಿಟ್ಟು ಬರುವವರು ಬಹಳ. ಮೊದಲ ಕೆಲಸವನ್ನು ಬದುಕಿನ ಕೆಲಸ ಎಂದುಕೊಳ್ಳಬೇಡಿ. ಹೊರಗಿನ ಜಗತ್ತಿನ ರೂಢಿ ಕಲಿಯುವ ಜಾಗ ಅದು, ಸಂಬಳವೂ ಬರುತ್ತದೆ.

ಕುಡಿತ ಬಿಟ್ಟರೆ ಮಾತ್ರ ಮನೆ ಕೊಡಬೇಕು, ಅಲ್ವಾ? ಇಲ್ಲದಿದ್ದರೆ ಬುದ್ಧಿ ಬರೋದು ಹೇಗೆ?

ಮೊದಲು ಎಲ್ಲರೂ ಹೀಗೇ ಮಾಡುತ್ತಿದ್ದರು. ಬೀದಿಯಲ್ಲಿ ಮಲಗುವವನಿಗೆ ಕುಡಿತ ಬಿಡು, ಔಷಧ ತಗೋ, ಆಮೇಲೆ ಕೋಣೆ ಎನ್ನುತ್ತಿದ್ದರು. ಬೀದಿಯಲ್ಲಿ ಇದ್ದುಕೊಂಡು ಇದನ್ನು ಮಾಡಬಲ್ಲವರು ಬಹಳ ಕಡಿಮೆ. ಮೊದಲು ಸೂರು ಎಂಬ ಕ್ರಮದಲ್ಲಿ ಇದು ತಿರುಗಿತು. ಬೀಗ ಹಾಕಬಹುದಾದ ಒಂದು ಮನೆ ಮೊದಲು, ಉಳಿದದ್ದು ಆಮೇಲೆ. ಅಮೆರಿಕದಲ್ಲಿ 1992ರಲ್ಲಿ ಶುರುವಾಗಿ 2008ರಿಂದ ದೊಡ್ಡದಾಗಿ ಬೆಳೆದ ಹಡ್-ವಾಶ್ ಯೋಜನೆಯಲ್ಲಿ ಬಾಡಿಗೆಯ ನೆರವು ಮತ್ತು ಸೋಷಿಯಲ್ ವರ್ಕರ್ ಎರಡೂ ಒಟ್ಟಿಗೆ ಸಿಗುತ್ತವೆ. ಅಲ್ಲಿ ಮನೆಯಿಲ್ಲದ ಮಾಜಿ ಸೈನಿಕರ ಸಂಖ್ಯೆ ಇಳಿದಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಬಾಡಿಗೆ ಮಾತ್ರ ಕೊಟ್ಟು ಮನುಷ್ಯನನ್ನು ಒಂಟಿ ಬಿಟ್ಟರೆ ಮನೆ ಉಳಿಯುವುದಿಲ್ಲ.

ಎರಡು ಪೆಗ್ ಹಾಕದಿದ್ದರೆ ನಿದ್ದೆಯೇ ಬರಲ್ಲ. ಅದನ್ನೂ ಬಿಡಬೇಕಾ?

ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ರಾತ್ರಿಯ ಎರಡನೇ ಅರ್ಧದ ನಿದ್ದೆ ಹಾಳು. ಕೆಟ್ಟ ಕನಸು ಜಾಸ್ತಿ. ಮಾತ್ರೆ ಇಲ್ಲದೆ ನಿದ್ದೆಯ ಅಭ್ಯಾಸ ತಿದ್ದುವ ವರ್ತನಾ ಚಿಕಿತ್ಸೆ ಇದೆ, ಅದರ ಬಗ್ಗೆ ಕೇಳಿ. ದಿನವೂ ತುಂಬಾ ಕುಡಿಯುವವರು ಹಟಾತ್ತನೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ್ ಕಣ್ಣೆದುರಲ್ಲೇ ಬಿಡಬೇಕು.

ಇದರಲ್ಲಿ ಭರವಸೆ ಕಳೆದುಕೊಳ್ಳಬೇಕಿಲ್ಲ. ವಿಯೆಟ್ನಾಂನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರನ್ನು ಸಂಶೋಧಕಿ ಲೀ ರಾಬಿನ್ಸ್ 1970ರ ದಶಕದಲ್ಲಿ ಹಿಂಬಾಲಿಸಿ ನೋಡಿದರು. ಊರಿಗೆ ಮರಳಿದ ಮೇಲೆ ಬಹುಪಾಲು ಜನ ಮತ್ತೆ ಚಟಕ್ಕೆ ಬೀಳಲಿಲ್ಲ. ಜಾಗ, ಜೊತೆ, ದಿನಚರಿ ಬದಲಾದದ್ದು ಅಷ್ಟು ದೊಡ್ಡ ಕೆಲಸ ಮಾಡಿತ್ತು. ಮದ್ಯದ ಕಷ್ಟ ಏನೆಂದರೆ ಅದು ಊರಲ್ಲೂ ಸಿಗುತ್ತದೆ.

## ಇನ್ನೂ ಆಳಕ್ಕೆ

ಚಿಕಿತ್ಸೆ ಅಂದರೆ ಅದನ್ನೆಲ್ಲ ಮತ್ತೆ ನೆನಪಿಸ್ಕೋಬೇಕಾ? ಮರೆಯೋಕೆ ಅಂತ ತಾನೇ ಬಂದಿರೋದು?

ಚೆನ್ನಾಗಿ ಪರೀಕ್ಷೆಗೆ ಒಳಗಾದ ಮೂರು ಬಗೆಗಳಿವೆ. ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ್ದರಲ್ಲಿ, ತಪ್ಪಿಸಿಕೊಳ್ಳುತ್ತಿದ್ದ ನೆನಪನ್ನೂ ಜಾಗಗಳನ್ನೂ ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು, ಸಾಮಾನ್ಯವಾಗಿ 8ರಿಂದ 15 ಭೇಟಿ. ಇನ್ನೊಬ್ಬ ಮನೋವಿಜ್ಞಾನಿ ಪೆಟ್ರೀಷಿಯಾ ರೆಸಿಕ್ ಅವರದ್ದರಲ್ಲಿ, ಘಟನೆಯಿಂದ ಹುಟ್ಟಿಕೊಂಡ ನಂಬಿಕೆಗಳನ್ನು ಬಿಡಿಸಿ ನೋಡುವುದು, ಸುಮಾರು 12 ಭೇಟಿ. ಇದನ್ನು ಘಟನೆಯ ವಿವರ ಬರೆಯದೆಯೂ ಮಾಡಬಹುದು. ಮೂರನೆಯದು ಕಣ್ಣಿನ ಚಲನೆ ಬಳಸುವ ಇಎಂಡಿಆರ್.

ನೆನಪು ಅಳಿಸುವುದು ಇವುಗಳ ಗುರಿ ಅಲ್ಲ. ನೆನಪು ಬಂದಾಗ ಈಗ ಅಲ್ಲಿಲ್ಲ, ಇಲ್ಲಿದ್ದೇನೆ ಎಂದು ಮೈಗೆ ತಿಳಿಯುವಂತೆ ಮಾಡುವುದು ಗುರಿ. ಶುರುವಿನಲ್ಲಿ ಕಷ್ಟ ಜಾಸ್ತಿ ಆಗಬಹುದು. ಆ ವಾರಗಳ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಟ್ಟರೆ ಅರ್ಧಕ್ಕೆ ಬಿಡುವುದು ತಪ್ಪುತ್ತದೆ. ಘಟನೆ ಆದ ತಕ್ಷಣ ಎಲ್ಲರನ್ನೂ ಕೂರಿಸಿ ಒಂದೇ ಸಲ ಮಾತಾಡಿಸಿ ಕಳಿಸುವ ಪದ್ಧತಿ ಒಂದು ಕಾಲಕ್ಕೆ ಇತ್ತು. ಅದರಿಂದ ಪಿಟಿಎಸ್‌ಡಿ ತಡೆಯಲಾಗದು ಎಂದು ತಿಳಿದ ಮೇಲೆ ಈಗ ಅದನ್ನು ಶಿಫಾರಸು ಮಾಡುವುದಿಲ್ಲ.

ನನಗೆ ಹೆದರಿಕೆ ಇಲ್ಲ. ನಾನು ಮಾಡಿದ್ದೇ ತಪ್ಪು. ಅದಕ್ಕೆ ಯಾವ ಚಿಕಿತ್ಸೆ?

ವಿಯೆಟ್ನಾಂ ಸೈನಿಕರ ಜೊತೆ ಕೆಲಸ ಮಾಡಿದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ಇದನ್ನು ನೈತಿಕ ಗಾಯ ಎಂದು ಬೇರೆಯಾಗಿ ಗುರುತಿಸಿದರು. 2009ರಲ್ಲಿ ಮನೋವಿಜ್ಞಾನಿ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ಈ ವಿಚಾರವನ್ನು ಮುಂದುವರಿಸಿದರು. ಮಾಡಬಾರದ್ದನ್ನು ಮಾಡಿದೆ, ತಡೆಯಬಹುದಿತ್ತು ತಡೆಯಲಿಲ್ಲ, ನಂಬಿದ ಮೇಲಿನವರೇ ಮೋಸ ಮಾಡಿದರು: ಈ ಮೂರರಲ್ಲಿ ಒಂದಿರುತ್ತದೆ. ಇಲ್ಲಿ ಕಾಡುವುದು ಭಯವಲ್ಲ, ನಾಚಿಕೆ.

ನಿನ್ನ ತಪ್ಪಿಲ್ಲ ಬಿಡು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅವನಿಗೆ ಅದು ಕೇಳಲು ಮನಸ್ಸಿಲ್ಲದವರ ಮಾತು ಅನ್ನಿಸುತ್ತದೆ. ಮೊದಲು ಪೂರ್ತಿ ಕೇಳಬೇಕು. ಆಮೇಲೆ ಆ ಹೊತ್ತಿನಲ್ಲಿ ಅವನಿಗೆ ಏನು ಗೊತ್ತಿತ್ತು, ಎಷ್ಟು ಸೆಕೆಂಡ್ ಇತ್ತು, ಆಜ್ಞೆ ಯಾರದ್ದು ಎಂದು ಜವಾಬ್ದಾರಿಯನ್ನು ಪಾಲು ಮಾಡಿ ನೋಡಬೇಕು. ಎಲ್ಲ ಪಾಲೂ ಅವನದ್ದೇ ಆಗಿರುವುದು ಅಪರೂಪ. ಏನೂ ಇಲ್ಲದಿರುವುದೂ ಅಪರೂಪ. ಉಳಿದ ಪಾಲಿಗೆ ಅವನು ಈಗ ಏನು ಮಾಡಬಲ್ಲ ಎಂಬುದೇ ಮುಂದಿನ ಮಾತು. ಕೆಲವರಿಗೆ ಧರ್ಮಗುರು ಬೇಕಾಗುತ್ತಾರೆ, ಕೆಲವರಿಗೆ ಸತ್ತ ಗೆಳೆಯನ ಮನೆಯವರನ್ನು ಕಾಣಬೇಕಾಗುತ್ತದೆ. ಎರಡನೆಯದನ್ನು ಆ ಮನೆಯವರ ಒಪ್ಪಿಗೆ ಇಲ್ಲದೆ ಮಾಡಬಾರದು.

ಸತ್ತುಹೋದರೆ ಸಾಕು ಅಂದ. ಅದರ ಬಗ್ಗೆ ಕೇಳಿದರೆ ಇನ್ನೂ ತಲೆಗೆ ಹಾಕಿದ ಹಾಗಾಗಲ್ವಾ?

ಆಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಸುತ್ತಿ ಬಳಸದೆ ಕೇಳಿ: ಸಾಯಬೇಕು ಅಂತ ಯೋಚಿಸ್ತಿದ್ದೀಯಾ? ಹೌದು ಎಂದರೆ ಒಂಟಿ ಬಿಡಬೇಡಿ. ನಿಮ್ಮಲ್ಲಿರುವ ತುರ್ತು ಸಂಖ್ಯೆಗೆ ಅಥವಾ ಸಹಾಯವಾಣಿಗೆ ಅವನ ಪಕ್ಕದಲ್ಲೇ ಕೂತು ಕರೆ ಮಾಡಿ.

ಎರಡನೆಯದು ಬಂದೂಕು. ಸಾಯುವ ತುಡಿತ ತೀವ್ರವಾಗಿರುವ ಹೊತ್ತು ಹಲವು ಸಲ ಚಿಕ್ಕದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಇಸ್ರೇಲ್ ಸೇನೆ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಆಯುಧವನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕು ಎಂದು ನಿಯಮ ಬದಲಿಸಿತು. ಸೈನಿಕರ ಆತ್ಮಹತ್ಯೆ ಸುಮಾರು ಶೇಕಡಾ 40ರಷ್ಟು ಇಳಿಯಿತು. ಆದ್ದರಿಂದ ಮನೆಯಲ್ಲಿ ಆಯುಧ ಇದ್ದರೆ ಕಾನೂನು ಒಪ್ಪುವ ರೀತಿಯಲ್ಲಿ ಸ್ವಲ್ಪ ಕಾಲ ಬೇರೆ ಕಡೆ ಇರಿಸಿ. ಕಿತ್ತುಕೊಳ್ಳುವ ದನಿಯಲ್ಲಿ ಬೇಡ. ಗೆಳೆಯ ಕುಡಿದಾಗ ಗಾಡಿ ಕೀ ಇಟ್ಟುಕೊಳ್ಳುವುದಿಲ್ಲವೇ, ಹಾಗೆ ಕೇಳಿ. ಹೆಚ್ಚಿನ ಸೈನಿಕರು ಒಪ್ಪುತ್ತಾರೆ. ಗುಳಿಗೆಗಳನ್ನೂ ಮರೆಯಬೇಡಿ.

ಮೂರನೆಯದು ಸುರಕ್ಷತಾ ಹಾಳೆ. ನನ್ನ ಸ್ಥಿತಿ ಕೆಡುತ್ತಿದೆ ಎಂಬುದಕ್ಕೆ ಗುರುತೇನು, ಒಬ್ಬನೇ ಏನು ಮಾಡಬಲ್ಲೆ, ಯಾರ ಮನೆಗೆ ಹೋಗಬಲ್ಲೆ, ಯಾರಿಗೆ ಕರೆ ಮಾಡಲಿ ಎಂದು ಅವನ ಮಾತಿನಲ್ಲೇ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಸಾಯುವುದಿಲ್ಲ ಎಂದು ಆಣೆ ಬರೆಸಿಕೊಳ್ಳುವುದು ಇದಕ್ಕೆ ಸಮವಲ್ಲ.

ಹೇಳಿದ್ದೆಲ್ಲ ಮೇಲಧಿಕಾರಿಗೆ ಗೊತ್ತಾಗುತ್ತಾ? ಪಿಂಚಣಿಗೆ ತೊಂದರೆ ಆದರೆ?

ನಿವೃತ್ತರ ಮಾತು ಸಾಮಾನ್ಯವಾಗಿ ಗುಟ್ಟಾಗಿರುತ್ತದೆ. ತಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ, ಮಕ್ಕಳ ಮೇಲೆ ದೌರ್ಜನ್ಯ, ನ್ಯಾಯಾಲಯದ ಆದೇಶ ಇದ್ದಾಗ ಮಾತ್ರ ಹೊರಗೆ ಹೋಗಬಹುದು. ಇನ್ನೂ ಸೇವೆಯಲ್ಲಿ ಇರುವವರಿಗೆ, ಮೀಸಲು ಪಡೆಯವರಿಗೆ (ಬೇರೆ ಉದ್ಯೋಗದಲ್ಲಿದ್ದು, ಕರೆ ಬಂದಾಗ ಸೇನೆಗೆ ಹೋಗುವವರಿಗೆ) ನಿಯಮ ಬೇರೆ. ಕಡತ ಯಾರ ಕೈಗೆ ಹೋಗುತ್ತದೆ ಎಂದು ಮಾತು ಶುರುವಾಗುವ ಮೊದಲೇ ಕೇಳಿ. ಅಮೆರಿಕ 1979ರಲ್ಲಿ ವಿಯೆಟ್ನಾಂ ಸೈನಿಕರಿಗಾಗಿ ಆಸ್ಪತ್ರೆಯಿಂದ ದೂರ, ಊರ ನಡುವಿನ ಅಂಗಡಿ ಸಾಲಿನಂಥ ಜಾಗಗಳಲ್ಲಿ ಸಲಹಾ ಕೇಂದ್ರ ತೆರೆಯಲು ಈ ಅಪನಂಬಿಕೆಯೂ ಒಂದು ಕಾರಣ.

## ಈ ಕೆಲಸ ಮಾಡುವವರು ಕೇಳುವವು

ನಾನು ಸೇನೆಯಲ್ಲಿ ಇರಲಿಲ್ಲ. ಅವರು ನನ್ನನ್ನು ಯಾಕೆ ನಂಬಬೇಕು?

ನಂಬಬೇಕಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಟಿಸಬೇಡಿ, ಸೇನೆಯ ಪದಗಳನ್ನು ಶೋಕಿಗೆ ಬಳಸಬೇಡಿ. ಯಾವ ವಿಭಾಗ, ಯಾವ ಕೆಲಸ, ಎಷ್ಟು ಸಲ ಹೋಗಿದ್ದರು ಎಂದು ಕೇಳಿ ಕಲಿಯಿರಿ. ಹೇಳಿದ ಸಮಯಕ್ಕೆ ಇರಿ. ಮಾಡುತ್ತೇನೆ ಎಂದದ್ದನ್ನು ಮಾಡಿ, ಆಗದಿದ್ದರೆ ಆ ದಿನವೇ ತಿಳಿಸಿ. ಸೇನೆಯಲ್ಲಿ ನಂಬಿಕೆಯ ಅಳತೆ ಇದೇ. ಜೊತೆಗೆ, ಚೇತರಿಸಿಕೊಂಡ ಒಬ್ಬ ಮಾಜಿ ಸೈನಿಕರನ್ನು ತಂಡಕ್ಕೆ ಸೇರಿಸಿಕೊಳ್ಳಿ. ಅವರಿಗೂ ಸಂಬಳ, ತರಬೇತಿ, ಮೇಲ್ವಿಚಾರಣೆ ಇರಲಿ. ಸುಮ್ನೆ ಕಾಫಿಗೆ ಕರೆದು ಕೆಲಸ ಮಾಡಿಸಿಕೊಳ್ಳುವುದು ಅನ್ಯಾಯ.

ಮೀಸಲು ಪಡೆಯವರಿಗೆ ಬೇರೆ ಗಮನ ಬೇಕಾ?

ಬೇಕು. ಇರಾಕ್‌ನಿಂದ ಮರಳಿದ ಬ್ರಿಟಿಷರಲ್ಲಿ ಮಾನಸಿಕ ತೊಂದರೆ ಮೀಸಲು ಪಡೆಯವರಲ್ಲೇ ಹೆಚ್ಚು ಕಂಡಿತು. ಪೂರ್ಣಾವಧಿ ಸೈನಿಕ ಮರಳಿ ಯೂನಿಟ್‌ಗೇ ಹೋಗುತ್ತಾನೆ, ಸುತ್ತಲೂ ಅಲ್ಲಿದ್ದವರೇ. ಮೀಸಲಿನವನು ಕೆಲವೇ ದಿನಗಳಲ್ಲಿ ಹಳೆಯ ಆಫೀಸಿನ ಕುರ್ಚಿಗೆ ಬರುತ್ತಾನೆ. ಅವನ ಉದ್ಯೋಗದಾತರ ಜೊತೆ ಮಾತಾಡಲು ಅವನ ಒಪ್ಪಿಗೆ ಪಡೆಯಿರಿ.

ಅವರ ಕತೆ ಕೇಳಿ ಕೇಳಿ ನನಗೇ ನಿದ್ದೆ ಬರಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಕೇಳುವವರಿಗೂ ತಗಲುವ ಒತ್ತಡ ಇದು. ಮನೋವಿಜ್ಞಾನಿ ಚಾರ್ಲ್ಸ್ ಫಿಗ್ಲಿ 1990ರ ದಶಕದಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಧ್ಯಾನ ಮಾಡಿ, ರಜೆ ಹಾಕಿ ಎಂದು ಹೇಳಿ ಕೈತೊಳೆದುಕೊಳ್ಳುವ ಸಂಸ್ಥೆಗಳಿವೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲು ಕೇಸುಗಳ ಸಂಖ್ಯೆ ನೋಡಿ. ಒಂದೇ ದಿನ ಸಾಲಾಗಿ ಯುದ್ಧದ ನೆನಪಿನ ಭೇಟಿಗಳಿದ್ದರೆ ನಡುವೆ ಪಿಂಚಣಿ ಕಾಗದದಂಥ ಕೆಲಸ ಬರುವ ಹಾಗೆ ಹಂಚಿ. ವಾರಕ್ಕೊಮ್ಮೆ ಹಿರಿಯರ ಜೊತೆ ಕೇಸ್ ಚರ್ಚೆ ಕೇಳಿ ಪಡೆಯಿರಿ, ಬರೆದು ಕೇಳಿ. ಅಷ್ಟಾದರೂ ಕನಸಿನಲ್ಲಿ ಬೇರೆಯವರ ಯುದ್ಧ ಬರುತ್ತಿದ್ದರೆ ನೀವೂ ಒಬ್ಬ ಕೌನ್ಸೆಲರ್‌ ಅನ್ನು ನೋಡಿ, ಮತ್ತು ಹೊಸ ಕೇಸು ತೆಗೆದುಕೊಳ್ಳುವುದನ್ನು ಅಷ್ಟು ದಿನ ನಿಲ್ಲಿಸಿ.